ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ ಒಂದು ತಗಡು

ಸಾಮಾನ್ಯ ಸೆಡಾನ್ ಕಾರಿನ ಹಿಂದಿನ ಸೀಟನ್ನು ಬಿಚ್ಚಿ ಆಚೆ ಇಟ್ಟು ನೋಡಿದರೆ, ಎಷ್ಟೋ ಮಾದರಿಗಳಲ್ಲಿ ನೇರವಾಗಿ ಡಿಕ್ಕಿಯೇ ಕಾಣುತ್ತದೆ. ಒಂದೆರಡು ಅಡ್ಡಪಟ್ಟಿ ಇರುತ್ತವೆ, ಅವುಗಳ ನಡುವೆ ಆಳು ತೂರುವಷ್ಟು ಕಿಂಡಿ. ಸೀಟಿನ ಬೆನ್ನು, ಅದರ ಹಿಂದೊಂದು ರಟ್ಟು, ಮೇಲ್ಗಡೆ ಸ್ಪೀಕರಿಗೆಂದು ತೂತು ಕೊರೆದ ಪಾರ್ಸೆಲ್ ಶೆಲ್ಫು: ಡಿಕ್ಕಿಯನ್ನೂ ಕೂರುವ ಜಾಗವನ್ನೂ ಬೇರೆ ಮಾಡಿದ್ದು ಇಷ್ಟೇ. ಸದ್ದು ಒಳಗೆ ಬಾರದಿರಲಿ, ಸಾಮಾನು ಕಣ್ಣಿಗೆ ಬೀಳದಿರಲಿ ಎಂದು ಮಾಡಿದ ಏರ್ಪಾಡು ಅದು. ಬೆಂಕಿಯ ಯೋಚನೆ ಅದರಲ್ಲಿಲ್ಲ. 1964ರಿಂದ 1970ರವರೆಗಿನ ಫೋರ್ಡ್ ಮಸ್ಟಾಂಗ್‌ನಲ್ಲಂತೂ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಟ್ಯಾಂಕ್ ಒಡೆದರೆ ಪೆಟ್ರೋಲಿಗೂ ಕೂತವರಿಗೂ ನಡುವೆ ಉಳಿಯುವುದು ಸೀಟಿನ ಸ್ಪಂಜು ಮಾತ್ರ.

ಡ್ರ್ಯಾಗ್ ರೇಸಿಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಪಂದ್ಯಕ್ಕೆ, ಕಾರು ಕಟ್ಟಲು ಕೂತವರು ಮೊದಲು ಮಾಡುವ ಕೆಲಸವೇ ಆ ಸೀಟನ್ನು ಕಿತ್ತೆಸೆಯುವುದು. ಕಾಲು ಮೈಲಿ, ಅಂದರೆ 402 ಮೀಟರ್ ಓಟದಲ್ಲಿ ಇಳಿಸಿದ ಪ್ರತಿ ಕಿಲೋವೂ ಲಾಭ. ಆಮೇಲೆ ಬಾನೆಟ್ಟಿನಡಿ ಇದ್ದ ಬ್ಯಾಟರಿ ಡಿಕ್ಕಿಗೆ ಹೋಗುತ್ತದೆ, ಹಿಂದಿನ ಚಕ್ರದ ಮೇಲೆ ಭಾರ ಬಿದ್ದಷ್ಟೂ ಹಿಡಿತ ಹೆಚ್ಚು ಎಂದು. ಅದರಲ್ಲೂ ಬಲಮೂಲೆಗೆ, ಏಕೆಂದರೆ ಎಂಜಿನ್ ತಿರುಚುವ ಬಲಕ್ಕೆ ಹಿಂದಿನ ಆಕ್ಸಲಿನ ಬಲಚಕ್ರ ಹಗುರಾಗಲು ನೋಡುತ್ತದೆ. ಬಳಿಕ ಕಂಪನಿಯ ಟ್ಯಾಂಕ್ ತೆಗೆದು ಡಿಕ್ಕಿಯಲ್ಲಿ ಫ್ಯೂಯೆಲ್ ಸೆಲ್ (ಸುಲಭಕ್ಕೆ ಒಡೆಯದಂತೆ ಮಾಡಿದ ರೇಸಿನ ಇಂಧನ ಟ್ಯಾಂಕ್) ಕೂರಿಸುತ್ತಾರೆ, ಪಕ್ಕದಲ್ಲೇ ಪಂಪು, ಫಿಲ್ಟರು. ಎಂಜಿನ್ನಿನ ಬಲ ಹೆಚ್ಚಿಸಲು ನೈಟ್ರಸ್ ಅನಿಲ ಬಳಸುವವರಾದರೆ ಅದರ ಸಿಲಿಂಡರೂ ಅಲ್ಲಿಗೇ. ಹೀಗೆ ಗೋಡೆ ಎನ್ನಬಹುದಾದ ಒಂದೇ ವಸ್ತುವನ್ನು ಕಿತ್ತ ಕೈಯಲ್ಲೇ, ಕಾರಿನಲ್ಲಿ ಉರಿಯಬಲ್ಲದ್ದನ್ನೆಲ್ಲ ತಂದು ಬೆನ್ನಿಗೆ ಇಟ್ಟುಕೊಂಡಂತಾಗುತ್ತದೆ.

ಅದಕ್ಕೇ ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ ಲೋಹದ ಅಡ್ಡಗೋಡೆ ಬೇಕು, ಅದು ಪೂರ್ತಿ ಮುಚ್ಚಿರಬೇಕು ಎಂದು ರೇಸಿನ ನಿಯಮ ಹೇಳುವುದು. ಗೋಡೆ ಎಂದ ಕೂಡಲೇ ಗಟ್ಟಿ ಇರಬೇಕು, ಗುದ್ದಿದರೆ ಬಗ್ಗಬಾರದು ಎಂದು ತಲೆಗೆ ಬರುತ್ತದೆ. ಇಲ್ಲಿ ಮುಖ್ಯವಾದದ್ದು ಅದಲ್ಲ, ಗಾಳಿ. ಡಿಕ್ಕಿಯ ಗಾಳಿ ಕ್ಯಾಬಿನ್ನಿಗೆ ಬರಕೂಡದು, ಡಿಕ್ಕಿಯೊಳಗೂ ನಿಲ್ಲಕೂಡದು. ಒಂದು ಬದಿ ಬಿಗಿಯಾಗಿ ಮುಚ್ಚಬೇಕು, ಇನ್ನೊಂದು ಬದಿ ಹೊರಕ್ಕೆ ತೆರೆದಿರಬೇಕು. ಎರಡನೆಯ ಅರ್ಧವನ್ನು ಮರೆತು ಕಟ್ಟಿದ ಕಾರುಗಳೇ ಹೆಚ್ಚು.

ಡಿಕ್ಕಿಯಲ್ಲಿ ಏನೇನು ಹುಟ್ಟುತ್ತದೆ

ಮೊದಲು ಪೆಟ್ರೋಲ್. ಉರಿಯುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಹಾಗಾಗಿ ‘ಈಗ ತಂಪಾಗಿದೆ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಗಾಳಿಯಲ್ಲಿ ಆವಿಯ ಪ್ರಮಾಣ ಸುಮಾರು ಶೇ. 1.4ರಿಂದ ಶೇ. 7.6ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಶೇ. 1.4 ಎಷ್ಟು ಸಣ್ಣದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 100 ಮಿಲಿಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಹೆಚ್ಚುಕಡಿಮೆ 20 ಲೀಟರ್ ಆವಿ ಆಗುತ್ತದೆ. ಅದು ಸುಮಾರು 1,400 ಲೀಟರ್ ಗಾಳಿಯನ್ನು ಹೊತ್ತಿಕೊಳ್ಳುವ ಸ್ಥಿತಿಗೆ ತರಬಲ್ಲದು. ಸಾಧಾರಣ ಸೆಡಾನಿನ ಡಿಕ್ಕಿ 400ರಿಂದ 500 ಲೀಟರ್. ಸಡಿಲವಾದ ಒಂದು ಫಿಟ್ಟಿಂಗಿನಿಂದ ಸೋರಿದ ಸಣ್ಣ ಲೋಟದಷ್ಟು ಪೆಟ್ರೋಲ್ ಡಿಕ್ಕಿ ತುಂಬಿ ಮಿಕ್ಕೀತು.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇಳದೆ ನೆಲದಲ್ಲೇ ಹರಿಯುತ್ತದೆ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಡಿಕ್ಕಿಯ ನೆಲದಿಂದ ಸೀಟಿನ ಕೆಳಗಿನ ತಗ್ಗಿಗೆ, ಅಲ್ಲಿಂದ ಓಡಿಸುವವರ ಕಾಲಬುಡಕ್ಕೆ. ಬ್ಯಾಟರಿ ಬಿಡುವ ಹೈಡ್ರೋಜನ್ ಇದಕ್ಕೆ ತದ್ವಿರುದ್ಧ. ಗಾಳಿಗಿಂತ ಬಹಳ ಹಗುರ, ನೇರ ಮೇಲಕ್ಕೆ ಹೋಗಿ ಪಾರ್ಸೆಲ್ ಶೆಲ್ಫಿನ ತಳಕ್ಕೆ ಅಂಟಿ ನಿಲ್ಲುತ್ತದೆ, ತೂತು ಸಿಕ್ಕಿದರೆ ಹಿಂದಿನ ಗಾಜಿನ ಕೆಳಗೆ ತೂರುತ್ತದೆ. ಶೇ. 4ರಿಂದ ಶೇ. 75ರವರೆಗೆ ಎಲ್ಲಿದ್ದರೂ ಹೊತ್ತಿಕೊಳ್ಳುವ ಅನಿಲ ಅದು. ಮುಚ್ಚಿದ ಮಾದರಿಯ ಎಜಿಎಂ ಬ್ಯಾಟರಿಗೆ ಈ ತಂಟೆಯಿಲ್ಲ ಎನ್ನುವವರುಂಟು. ಸರಿಯಾಗಿ ಚಾರ್ಜ್ ಆಗುತ್ತಿರುವಾಗ ಅದು ನಿಜ. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು ಅತಿಯಾಗಿ ಚಾರ್ಜ್ ಆದರೆ ಅದರ ವಾಲ್ವೂ ತೆರೆದುಕೊಳ್ಳುತ್ತದೆ, ಅನಿಲ ಹೊರಬರುತ್ತದೆ. ಕೆಳಗಿನ ತೂತು ಮುಚ್ಚಿ ಮೇಲಿನದನ್ನು ಬಿಟ್ಟರೆ, ಅಥವಾ ಮೇಲಿನದು ಮುಚ್ಚಿ ಕೆಳಗಿನದನ್ನು ಬಿಟ್ಟರೆ, ಏಕೆ ಸಾಲದು ಎಂಬುದಕ್ಕೆ ಈ ಎರಡು ಅನಿಲಗಳೇ ಉತ್ತರ.

ಮೆಥನಾಲ್ ಬಳಸುವವರಿಗೆ ಇನ್ನೊಂದು ಕಷ್ಟ. ಅದು ಶೇ. 6ರಿಂದ ಶೇ. 36ರವರೆಗೆ ಉರಿಯುತ್ತದೆ, ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬೇಕು. ಹಿಂದೆ ಬೆಂಕಿ ಬಿದ್ದಿದೆ ಎಂದು ಗೊತ್ತಾಗುವುದು ಬಿಸಿ ತಾಗಿದಾಗ, ಬಣ್ಣ ಗುಳ್ಳೆ ಏಳುವಾಗ.

ನೈಟ್ರಸ್ ಆಕ್ಸೈಡ್ ತಾನೇ ಉರಿಯುವುದಿಲ್ಲ, ಆದರೆ ಉರಿಯುತ್ತಿರುವುದಕ್ಕೆ ಆಮ್ಲಜನಕ ಒದಗಿಸುತ್ತದೆ. ಸಿಲಿಂಡರನ್ನು ಸಾಮಾನ್ಯವಾಗಿ 900ರಿಂದ 1,000 ಪಿಎಸ್‌ಐ ಒತ್ತಡದಲ್ಲಿ ಇಟ್ಟುಕೊಳ್ಳುತ್ತಾರೆ. ಬಿಸಿಲಿಗೆ, ಹೀಟರಿಗೆ ಒತ್ತಡ ಮಿತಿಮೀರಿದರೆ ಸುರಕ್ಷತಾ ಬಿಲ್ಲೆ ಒಡೆದು ಇಡೀ ಸಿಲಿಂಡರ್ ಒಮ್ಮೆಗೇ ಖಾಲಿಯಾಗುತ್ತದೆ. ಅದಕ್ಕೇ ಆ ಬಿಲ್ಲೆಯ ಬಾಯಿಗೆ ಕೊಳವೆ ಜೋಡಿಸಿ ಕಾರಿನ ಹೊರಕ್ಕೆ ಬಿಡುವುದು. ಕೊಳವೆ ಇಲ್ಲದ ಕಾರಿನಲ್ಲಿ, ಗೋಡೆಯೂ ಇಲ್ಲದಿದ್ದರೆ, ಅಷ್ಟೂ ಅನಿಲ ಓಡಿಸುವವರ ಸುತ್ತ ಮೋಡದಂತೆ ತುಂಬುತ್ತದೆ.

ಕೊನೆಯದು ಎಲ್ಲ ಕಾರಿಗೂ ಇರುವಂಥದು: ಎಕ್ಸಾಸ್ಟ್. ರೇಸ್ ಎಂಜಿನ್‌ಗೆ ಪೆಟ್ರೋಲ್ ಧಾರಾಳ, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಓಡುವ ಕಾರಿನ ಹಿಂಬದಿಯಲ್ಲಿ ಗಾಳಿಯ ಒತ್ತಡ ತಗ್ಗಿರುತ್ತದೆ, ಹೊಗೆ ಅಲ್ಲೇ ಸುಳಿಯುತ್ತದೆ, ಡಿಕ್ಕಿಯ ಹಳೆಯ ರಬ್ಬರಿನ ಸಂದಿನಲ್ಲಿ ಒಳಗೆ ಬರುತ್ತದೆ. ಇತ್ತ ಕಿಟಕಿ ಇಳಿಸಿಕೊಂಡು ಸರದಿಯಲ್ಲಿ ಮುಂದೆ ಹೋಗುವಾಗ, ಕಿಟಕಿ ಪಕ್ಕ ಹಾಯುವ ಗಾಳಿ ಕ್ಯಾಬಿನ್ನಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಆ ಜಾಗ ತುಂಬಲು ಗಾಳಿ ಎಲ್ಲಿಂದಾದರೂ ಬರಲೇಬೇಕು, ಡಿಕ್ಕಿಯ ದಾರಿ ತೆರೆದಿದ್ದರೆ ಅಲ್ಲಿಂದಲೇ ಬರುತ್ತದೆ. ತೂತು ಇದೆ, ಆದರೆ ಬೆಂಕಿ ಇಲ್ಲವಲ್ಲ ಎನ್ನುವವರು ಈ ಎಳೆತವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಿಯಮ ಕೇಳುವುದು ಎಷ್ಟು, ಏಕೆ

ಅಮೆರಿಕದ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) 1951ರಲ್ಲಿ ಹುಟ್ಟಿದ, ಡ್ರ್ಯಾಗ್ ರೇಸ್ ನಡೆಸುವ ಸಂಸ್ಥೆ. ಅದರ ನಿಯಮ ಪುಸ್ತಕದ ಅಳತೆಗಳನ್ನು ಉಳಿದವರೂ ಬಹಳ ಕಡೆ ಪಾಲಿಸುತ್ತಾರೆ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರೆ ಹಿಂದೆ ಫೈರ್‌ವಾಲ್, ಅಂದರೆ ಈ ಲೋಹದ ಗೋಡೆ, ಇರಲೇಬೇಕು, ಪಾರ್ಸೆಲ್ ಶೆಲ್ಫಿನ ಜಾಗವೂ ಅದರಲ್ಲಿ ಸೇರಿರಬೇಕು. ತಗಡು ಉಕ್ಕಿನದಾದರೆ ಕನಿಷ್ಠ 0.024 ಇಂಚು, ಅಂದರೆ 0.6 ಮಿಲಿಮೀಟರ್. ಅಲ್ಯುಮಿನಿಯಂ ಆದರೆ 0.032 ಇಂಚು, 0.8 ಮಿಲಿಮೀಟರ್. ಫೈರ್‌ವಾಲಿಗೆ ಮೆಗ್ನೀಸಿಯಂ ತಗಡು ನಿಷಿದ್ಧ, ಅದೇ ಹೊತ್ತಿ ಉರಿಯುವ ಲೋಹ. ಗೋಡೆ ಬೇಡವೆಂದರೆ ಬ್ಯಾಟರಿಯನ್ನು ಅಷ್ಟೇ ದಪ್ಪದ ತಗಡಿನ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಗಾಳಿಕೊಳವೆಯನ್ನು ಕಾರಿನ ಹೊರಕ್ಕೆ ಬಿಡಬಹುದು. ಒಂದೇ ಷರತ್ತು, ಆ ಪೆಟ್ಟಿಗೆಯೇ ಬ್ಯಾಟರಿಯನ್ನು ಹಿಡಿದಿಡಬಾರದು. ಬ್ಯಾಟರಿ ಲೋಹದ ಪಟ್ಟಿಯಿಂದ, ಬೋಲ್ಟಿನಿಂದ ಕಾರಿಗೇ ಕಚ್ಚಿಕೊಂಡಿರಬೇಕು, ಪೆಟ್ಟಿಗೆ ಸುಮ್ಮನೆ ಸುತ್ತ ಇರಬೇಕು. ಕಾರು ಮಗುಚಿದಾಗ 20 ಕಿಲೋ ತೂಕದ ಬ್ಯಾಟರಿ ತೆಳು ತಗಡನ್ನು ಹರಿದು ಬರುತ್ತದೆ ಎಂಬುದಕ್ಕೇ ಈ ಷರತ್ತು.

0.6 ಮಿಲಿಮೀಟರ್ ಎಂದರೆ ಎಷ್ಟು ತೆಳು! ಇದು ಬೆಂಕಿಯನ್ನು ಎಷ್ಟು ಹೊತ್ತು ತಡೆದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಗಂಟೆಗಟ್ಟಲೆ ಅಲ್ಲ, ಸೆಕೆಂಡುಗಳ ಮಟ್ಟಿಗೆ. ಇಲ್ಲಿ ಬೇಕಾಗಿರುವುದೂ ಅಷ್ಟೇ. ಒಂಬತ್ತೂವರೆ ಸೆಕೆಂಡಿನಲ್ಲಿ ಓಟ ಮುಗಿಸುವ ಕಾರು ಗೆರೆ ದಾಟುವಾಗ ಗಂಟೆಗೆ ಸುಮಾರು 225 ಕಿಲೋಮೀಟರ್ ವೇಗದಲ್ಲಿರುತ್ತದೆ. ಸರಾಸರಿ ಅರ್ಧ ಜಿ (ಗುರುತ್ವದ ಅರ್ಧದಷ್ಟು) ಬಲದಲ್ಲಿ ಬ್ರೇಕ್ ಹಾಕಿದರೂ ನಿಲ್ಲಲು ಹದಿಮೂರು ಸೆಕೆಂಡು ಹತ್ತಿರ ಬೇಕು. ಆಮೇಲೆ ಬೆಲ್ಟು ಬಿಚ್ಚಿ, ಕಿಟಕಿಯ ನೆಟ್ ಇಳಿಸಿ, ರೋಲ್ ಕೇಜಿನ (ಕಾರು ಮಗುಚಿದರೆ ಕೂತವರನ್ನು ಕಾಯುವ ಪಂಜರ) ಕೊಳವೆ ದಾಟಿ ಹೊರಬರಬೇಕು. ಇನ್ನು ಮೈಮೇಲಿನ ಬಟ್ಟೆಯ ಲೆಕ್ಕ ನೋಡಿ. ರೇಸಿನ ಸುರಕ್ಷತಾ ಸಾಮಾನಿಗೆ ಮಾನದಂಡ ಹಾಕುವ ಎಸ್‌ಎಫ್‌ಐ ಸಂಸ್ಥೆಯ 3.2ಎ/1 ಶ್ರೇಣಿಯ ಜಾಕೆಟ್ ನೇರ ಜ್ವಾಲೆಯಲ್ಲಿ ಚರ್ಮಕ್ಕೆ ಎರಡನೇ ದರ್ಜೆಯ ಸುಟ್ಟಗಾಯ ಆಗದಂತೆ ಕಾಯುವುದು ಸುಮಾರು 3 ಸೆಕೆಂಡು, 3.2ಎ/5 ಶ್ರೇಣಿಯದು 10 ಸೆಕೆಂಡು. ಕಾರು ನಿಲ್ಲುವ ಹೊತ್ತಿಗೇ ಬಟ್ಟೆಯ ಅವಧಿ ಮುಗಿದಿರುತ್ತದೆ. ಡಿಕ್ಕಿಯ ಬೆಂಕಿ ಕ್ಯಾಬಿನ್ನಿಗೆ ಬರುವುದು ಅಷ್ಟು ತಡವಾದರೆ, ಬಟ್ಟೆಯ ಗಡಿಯಾರ ಶುರುವಾಗುವುದೂ ಅಷ್ಟೇ ತಡ.

ಹೀಗೆ ಲೆಕ್ಕ ಹಾಕಿದಾಗ ಒಂದು ಸಂಗತಿ ಹೊಳೆಯುತ್ತದೆ. ತಗಡು ಕರಗುವ ಮೊದಲೇ ಬೆಂಕಿ ತೂತಿನಿಂದ ಬಂದರೆ, ತಗಡಿನ ದಪ್ಪ ಎಷ್ಟಿದ್ದರೇನು? ದಪ್ಪದ ಬಗ್ಗೆ ವಾದ ಮಾಡುತ್ತ ಕೂರುವವರು ಕೇಬಲ್ ತೂತಿನ ಸುತ್ತ ಬೆರಳು ಹೋಗುವಷ್ಟು ಜಾಗ ಬಿಟ್ಟಿರುತ್ತಾರೆ.

ಅಲ್ಯುಮಿನಿಯಮ್ಮೋ ಉಕ್ಕೋ

ತೂಕದಲ್ಲಿ ಅಲ್ಯುಮಿನಿಯಂ ಗೆಲ್ಲುತ್ತದೆ. 0.8 ಮಿಲಿಮೀಟರ್ ತಗಡು ಚದರ ಮೀಟರಿಗೆ 2.2 ಕಿಲೋ, 0.6 ಮಿಲಿಮೀಟರ್ ಉಕ್ಕು 4.7 ಕಿಲೋ. ಸೀಟಿನ ಹಿಂದಿನ ಕಿಂಡಿ 0.6 ಚದರ ಮೀಟರ್ ಎಂದುಕೊಂಡರೆ ವ್ಯತ್ಯಾಸ ಒಂದೂವರೆ ಕಿಲೋ. ಬೆಂಕಿಯ ಮುಂದೆ ಮಾತ್ರ ಉಕ್ಕೇ ಮೇಲು. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಪೆಟ್ರೋಲ್ ಬೆಂಕಿ ಅದನ್ನು ಸುಲಭವಾಗಿ ದಾಟುತ್ತದೆ. ಉಕ್ಕು 1,400 ಡಿಗ್ರಿ ದಾಟುವವರೆಗೂ ನಿಂತಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಡಿಕ್ಕಿಯಲ್ಲಿ ಬರೀ ಬ್ಯಾಟರಿ ಇದ್ದರೆ ಅಲ್ಯುಮಿನಿಯಂ ಸಾಕು. ಇಂಧನವೂ ಇದ್ದರೆ ಆ ಒಂದೂವರೆ ಕಿಲೋವನ್ನು ಬೇರೆಲ್ಲಾದರೂ ಉಳಿಸಿ, ಇಲ್ಲಿ ಉಕ್ಕು ಹಾಕಿ. ಹಾಗೆ ಹಾಕುವಾಗ ರಿವೆಟ್ಟೂ ಉಕ್ಕಿನದೇ ಇರಲಿ. ಉಕ್ಕಿನ ತಗಡಿಗೆ ಅಲ್ಯುಮಿನಿಯಂ ರಿವೆಟ್ ಹೊಡೆದರೆ ತಗಡು ನಿಂತಿರುತ್ತದೆ, ರಿವೆಟ್ ಕರಗಿ ಅಂಚು ಬಾಯಿ ಬಿಡುತ್ತದೆ.

ಅಲ್ಯುಮಿನಿಯಂ ತಗಡನ್ನು ಕಾರಿನ ಉಕ್ಕಿಗೆ ಜೋಡಿಸುವಾಗ ನಡುವೆ ಬಣ್ಣವೋ ಸೀಲರೋ ಇರಬೇಕು. ಎರಡು ಬೇರೆ ಲೋಹ ತೇವದಲ್ಲಿ ಒಂದಕ್ಕೊಂದು ತಾಗಿದ್ದರೆ ಅಲ್ಯುಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ, ರಿವೆಟ್ ಸುತ್ತ ಜಾಗ ಬಿಡುತ್ತದೆ. ಪ್ಲೈವುಡ್ಡು, ಪ್ಲಾಸ್ಟಿಕ್ ಹಾಳೆ, ಕಾರ್ಪೆಟ್ಟು, ಇವನ್ನೆಲ್ಲ ಗೋಡೆ ಎಂದು ಯಾವ ತಪಾಸಣೆಯವರೂ ಒಪ್ಪುವುದಿಲ್ಲ. ಒಪ್ಪಲೂ ಬಾರದು.

ಕೆಲಸ ಶುರುವಾಗುವುದು ರಟ್ಟಿನಿಂದ. ದೊಡ್ಡ ರಟ್ಟಿನ ಹಾಳೆಗಳನ್ನು ಕಿಂಡಿಗೆ ಹಿಡಿದು, ಕತ್ತರಿಸಿ, ಟೇಪ್ ಹಚ್ಚಿ, ಅಚ್ಚು ಸರಿಹೋಗುವವರೆಗೆ ತಿದ್ದಬೇಕು. ರಟ್ಟಿನಲ್ಲಿ ಉಳಿದ ಅರ್ಧ ಇಂಚಿನ ಸಂದು ತಗಡಿನಲ್ಲೂ ಅರ್ಧ ಇಂಚೇ ಉಳಿಯುತ್ತದೆ. ಅಚ್ಚು ತೆಗೆದ ಮೇಲೆ ತಗಡಿನ ನಾಲ್ಕೂ ಬದಿಗೆ 20 ಮಿಲಿಮೀಟರಿನಷ್ಟು ಅಂಚು ಮಡಿಸಲು ಜಾಗ ಬಿಟ್ಟು ಕತ್ತರಿಸುತ್ತಾರೆ. ಅಗಲವಾದ ಬರೀ ತಗಡು ಎಂಜಿನ್ ನಡುಕಕ್ಕೆ ಡಬಡಬ ಎನ್ನುತ್ತದೆ, ಅಂಚು ಬಿಡುತ್ತದೆ. ಬೀಡ್ ರೋಲರಿನಲ್ಲಿ ಎರಡು ಮೂರು ಏಣು ಎಬ್ಬಿಸಿದರೆ ಬಿಗಿಯಾಗುತ್ತದೆ. ರಿವೆಟ್ಟುಗಳ ನಡುವೆ ನಾಲ್ಕೈದು ಸೆಂಟಿಮೀಟರ್ ದೂರ ಇರಲಿ. ಅದಕ್ಕಿಂತ ದೂರವಾದರೆ ನಡುವೆ ತಗಡು ಅಲೆಯಂತೆ ಏಳುತ್ತದೆ, ಪ್ರತಿ ಅಲೆಯ ಕೆಳಗೊಂದು ಸಂದು. ಒಂದೇ ದೊಡ್ಡ ತಗಡು ಹಾಕುವ ಹಟ ಬೇಡ. ಕೆಳಗಿನ ಭಾಗ, ಶೆಲ್ಫಿನ ಭಾಗ, ಎರಡು ಮೂಲೆಗಳು ಎಂದು ನಾಲ್ಕು ತುಂಡಾದರೆ ಕೂರಿಸುವುದು ಸುಲಭ, ಬಿಚ್ಚುವುದೂ ಸುಲಭ.

ತೂತುಗಳ ಮಾತು

ದೊಡ್ಡ ಕಿಂಡಿಯನ್ನು ಮುಚ್ಚುವುದು ಒಂದು ದಿನದ ಕೆಲಸ. ಸಮಯ ತಿನ್ನುವುದೂ ಹೆಚ್ಚಿನವರು ಕೈಬಿಡುವುದೂ ಸಣ್ಣ ದಾರಿಗಳೇ.

ಕಾರಿನ ಮೈ ಒಂದೇ ತಗಡಲ್ಲ. ಹಿಂಚಕ್ರದ ಮೇಲೆ ಹೊರಮೈ ಒಂದು, ಒಳಮೈ ಒಂದು, ನಡುವೆ ಟೊಳ್ಳು. ಆ ಟೊಳ್ಳು ಡಿಕ್ಕಿಯ ಪಕ್ಕದಲ್ಲೂ ತೆರೆದುಕೊಳ್ಳುತ್ತದೆ, ಹಿಂದಿನ ಕಿಟಕಿಯ ಕೆಳಗೆ ಕ್ಯಾಬಿನ್ನಿನಲ್ಲೂ ತೆರೆದುಕೊಳ್ಳುತ್ತದೆ. ಸೀಟಿನ ಹಿಂದೆ ಎಷ್ಟೇ ಚೆಂದದ ಗೋಡೆ ಕಟ್ಟಿದರೂ ಗಾಳಿ ಈ ಪಕ್ಕದ ಓಣಿಯಲ್ಲಿ ಸುತ್ತಿ ಬರುತ್ತದೆ. ಒಳಗಿನ ಅಲಂಕಾರದ ಪ್ಯಾನೆಲ್ ಇರುವ ಕಾರಿನಲ್ಲಿ ಇದು ಕಣ್ಣಿಗೂ ಬೀಳುವುದಿಲ್ಲ. ಪ್ಯಾನೆಲ್ ತೆಗೆದು, ಕೈ ಹಾಕಿ ನೋಡಿ, ಟೊಳ್ಳಿನ ಬಾಯಿಗೆ ತುಂಡು ತಗಡು ಮುಚ್ಚಬೇಕು. ಇಲ್ಲಿಗೆ ಉಬ್ಬುವ ಸ್ಪ್ರೇ ಫೋಮ್ ತುಂಬುವವರಿದ್ದಾರೆ. ಎರಡೇ ನಿಮಿಷದ ಕೆಲಸ, ನೋಡಲು ಗಾಳಿಯೂ ನಿಲ್ಲುತ್ತದೆ. ಆದರೆ ಸಾಧಾರಣ ಪಾಲಿಯುರೆಥೇನ್ ಫೋಮ್ ಚೆನ್ನಾಗಿ ಉರಿಯುತ್ತದೆ, ಅದರ ಹೊಗೆ ವಿಷ. ಗೋಡೆಯ ಸಂದಿನಲ್ಲಿ ಸೌದೆ ಒಟ್ಟಿದಂತೆ ಅದು.

ಇನ್ನೊಂದು ಗುಟ್ಟು ದಾರಿಯನ್ನು ಕಾರು ತಯಾರಿಸಿದವರೇ ಇಟ್ಟಿರುತ್ತಾರೆ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಬೇಕಲ್ಲ? ಬಹಳಷ್ಟು ಕಾರುಗಳಲ್ಲಿ ಆ ಗಾಳಿ ಶೆಲ್ಫಿನ ಸೀಳುಗಳಿಂದ ಡಿಕ್ಕಿಗೆ ಹೋಗಿ, ಅಲ್ಲಿಂದ ಬಂಪರಿನ ಹಿಂದೆ ಅಡಗಿರುವ ರಬ್ಬರ್ ರೆಕ್ಕೆಗಳ ಮೂಲಕ ಆಚೆ ಹೋಗುತ್ತದೆ. ಅಂದರೆ ಕ್ಯಾಬಿನ್ನಿಗೂ ಡಿಕ್ಕಿಗೂ ನಡುವೆ ಗಾಳಿ ಹರಿಯಲಿ ಎಂದೇ ಆ ಕಾರನ್ನು ಕಟ್ಟಿದ್ದಾರೆ. ಶೆಲ್ಫಿನ ಸೀಳುಗಳನ್ನು ಮುಚ್ಚಲೇಬೇಕು. ಬಂಪರಿನ ಹಿಂದಿನ ರೆಕ್ಕೆಗಳನ್ನು ಮಾತ್ರ ಮುಟ್ಟಬೇಡಿ, ಅವು ಡಿಕ್ಕಿಯ ಗಾಳಿ ಹೊರಹೋಗುವ ದಾರಿ. ಗೋಡೆ ಪಕ್ಕಾ ಆದ ಮೇಲೆ ಬಾಗಿಲು ಹಾಕಲು ಸ್ವಲ್ಪ ಜೋರು ಬೇಕಾಗುತ್ತದೆ. ಅದನ್ನು ದೋಷವೆಂದುಕೊಳ್ಳಬೇಡಿ, ಕೆಲಸ ಚೆನ್ನಾಗಿ ಆಗಿದೆ ಎಂದು ಅರ್ಥ.

ರೋಲ್ ಕೇಜಿನ ಹಿಂದಿನ ಕೊಳವೆಗಳು ಗೋಡೆಯನ್ನು ಭೇದಿಸಿಕೊಂಡು ಡಿಕ್ಕಿಗೆ ಇಳಿಯುತ್ತವೆ. ಕೊಳವೆ ಓರೆಯಾಗಿ ಬರುವುದರಿಂದ ತೂತು ದುಂಡಗಿರದೆ ಮೊಟ್ಟೆಯಾಕಾರವಾಗುತ್ತದೆ, ಸುತ್ತ ಸಂದು ಉಳಿದೇ ಉಳಿಯುತ್ತದೆ. ಅದಕ್ಕೆ ಎರಡು ಅರ್ಧಚಂದ್ರದ ತಗಡು ಕತ್ತರಿಸಿ, ಕೊಳವೆಯ ಸುತ್ತ ಬಳೆಯಂತೆ ಕೂಡಿಸಿ ರಿವೆಟ್ ಹೊಡೆಯಬೇಕು. ಕೊಳವೆಗೆ ತೀರಾ ಒತ್ತಿ ಕೂರಿಸಬೇಡಿ. ಓಟಕ್ಕೆ ಹೊರಡುವ ಹೊತ್ತಿಗೆ ಕಾರಿನ ಮೈ ತಿರುಚುತ್ತದೆ, ತಗಡು ಕೊಳವೆಯನ್ನು ಕೊರೆಯುತ್ತದೆ. ಕೂದಲೆಳೆಯಷ್ಟು ಜಾಗ ಬಿಟ್ಟು ಅದನ್ನು ಸೀಲಂಟಿನಿಂದ ತುಂಬುವುದು ಸರಿ. ಚಕ್ರಕ್ಕೆ ಜಾಗ ಮಾಡಲು ಟಬ್ (ಚಕ್ರದ ಮೇಲಿನ ತಗಡಿನ ಗೂಡು) ಅಗಲ ಮಾಡಿದ ಕಾರಿನಲ್ಲಿ ಹೊಸ ಟಬ್ಬಿನ ಬೆಸುಗೆಯ ಗೆರೆಗಳನ್ನೂ ನೋಡಬೇಕು. ಅಲ್ಲಲ್ಲಿ ಚುಕ್ಕೆ ಬೆಸುಗೆ ಮಾತ್ರ ಇದ್ದರೆ ನಡುವಿನ ಜಾಗವೆಲ್ಲ ಸೋರುತ್ತದೆ.

ಬ್ಯಾಟರಿಯ ಕೇಬಲ್ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಡಿಕ್ಕಿಯಿಂದ ಸ್ಟಾರ್ಟರಿನವರೆಗೆ ನಾಲ್ಕೈದು ಮೀಟರ್, ಬೆರಳು ದಪ್ಪದ ತಾಮ್ರ, ನೂರಾರು ಆಂಪಿಯರ್ ಹರಿಯುವ ಗೆರೆ, ಸಾಮಾನ್ಯವಾಗಿ ಫ್ಯೂಸ್ ಇಲ್ಲ. ಅದು ದಾಟುವುದು ಈಗ ತಾನೇ ಕತ್ತರಿಸಿದ ಚೂಪು ಅಂಚಿನ ತಗಡನ್ನು. ರಬ್ಬರ್ ಗ್ರಾಮೆಟ್ ಹಾಕಿದ್ದರೂ ನಡುಕಕ್ಕೆ ಅದು ಜಾರಿ ಆಚೆ ಬರುತ್ತದೆ, ಆಗ ತಗಡಿನ ಅಂಚು ಕೇಬಲಿನ ಹೊದಿಕೆಯ ಮೇಲೆ ಗರಗಸದಂತೆ ಆಡುತ್ತದೆ. ತಾಮ್ರ ತಗಡಿಗೆ ತಾಗಿದ ಕ್ಷಣ ಬೆಸುಗೆ ಹಾಕುವಂಥ ಕಿಡಿ, ಅದೂ ಪೆಟ್ರೋಲ್ ಆವಿ ಇರುವ ಬದಿಯಲ್ಲಿ. ಆವಿ ತಡೆಯಲು ಕಟ್ಟಿದ ಗೋಡೆಯೇ ಕಿಡಿ ಕೊಡುವಂತಾಗುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಗೋಡೆ ದಾಟಿಸುವ ಸ್ಟಡ್: ಇನ್ಸುಲೇಟರಿನ ನಡುವೆ ತಾಮ್ರದ ಬೋಲ್ಟು, ಈ ಬದಿಗೊಂದು ಕೇಬಲ್, ಆ ಬದಿಗೊಂದು ಕೇಬಲ್. ತಗಡಿನಲ್ಲಿ ತೂತೇ ಉಳಿಯುವುದಿಲ್ಲ. ಇದಕ್ಕಿಂತಲೂ ಒಳ್ಳೆಯದು ಕೇಬಲನ್ನು ಕ್ಯಾಬಿನ್ನಿಗೇ ತರದೆ ನೆಲದ ಹೊರಗಿನಿಂದ ಒಯ್ಯುವುದು. ಇಂಧನದ ಗೆರೆಗಳ ವಿಷಯದಲ್ಲಿ ಇದು ಬರೀ ಸಲಹೆಯಲ್ಲ, ಅವು ಕೂರುವ ಜಾಗದೊಳಗೆ ಹಾಯಕೂಡದು ಎಂಬುದೇ ನಿಯಮ. ಡಿಕ್ಕಿಯ ನೆಲದಲ್ಲಿ ಬಲ್ಕ್‌ಹೆಡ್ ಫಿಟ್ಟಿಂಗ್ (ತಗಡನ್ನು ಬಿಗಿಯಾಗಿ ದಾಟಿಸುವ ಜೋಡಣೆ) ಹಾಕಿ ಅಲ್ಲಿಂದಲೇ ಕೆಳಕ್ಕೆ ಇಳಿಸಬೇಕು.

ಪಂಪಿನ ವೈರು, ಹಿಂದಿನ ದೀಪದ ವೈರು, ಕಾರಿನ ವೇಗ ತಗ್ಗಿಸುವ ಪ್ಯಾರಾಚ್ಯೂಟಿನ ಕೇಬಲ್, ಎಲ್ಲಕ್ಕೂ ಒಂದೊಂದು ತೂತು ಕೊರೆಯುವ ಬದಲು ಒಂದೇ ಜಾಗದಲ್ಲಿ ಒಂದು ಪಟ್ಟಿ ಇಟ್ಟು, ಗೋಡೆಗೆ ಕೂರುವ ಕನೆಕ್ಟರ್‌ಗಳಲ್ಲಿ ದಾಟಿಸಿದರೆ ಮುಂದೆ ಹೊಸ ವೈರು ಬಂದಾಗಲೂ ಅಚ್ಚುಕಟ್ಟು.

ಸೀಲಂಟ್ ಮೇಲೆ ಅತಿಯಾದ ನಂಬಿಕೆ ಬೇಡ. ತೂತನ್ನು ಲೋಹದಿಂದ ಮುಚ್ಚಬೇಕು, ಸೀಲಂಟ್ ಕೂದಲೆಳೆಯ ಸಂದಿಗೆ ಮಾತ್ರ. ಸಾಮಾನ್ಯ ಸಿಲಿಕೋನ್ ಸುಮಾರು 200 ಡಿಗ್ರಿ ತಡೆದೀತು, ಹೆಚ್ಚು ಬಿಸಿಗೆಂದು ಮಾರುವ ಕೆಂಪು ಬಣ್ಣದ್ದು 300ರ ಆಸುಪಾಸು. ಜೊತೆಗೆ ಪೆಟ್ರೋಲ್ ತಾಗಿದರೆ ಸಿಲಿಕೋನ್ ಉಬ್ಬಿ ಸಡಿಲವಾಗುತ್ತದೆ. ಕಾರಿನ ಮೈಗೆ ಬಳಸುವ ಸೀಮ್ ಸೀಲರ್ ಅದಕ್ಕಿಂತ ಮೇಲು. ಕಟ್ಟಡಗಳಲ್ಲಿ ಬೆಂಕಿ ತಡೆಗೆ ಬಳಸುವ, ಬಿಸಿಗೆ ತಾನೇ ಉಬ್ಬಿ ಸಂದು ಮುಚ್ಚುವ ಬಗೆಯದೂ ಕೇಬಲ್ ಸುತ್ತ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಚ್ಚಿ ಹಾಕುವ ಪ್ಯಾನೆಲ್ ಇದ್ದರೆ ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಡ್ಯೂಸ್ (Dzus) ಕೀಲಿಗಳು ಅನುಕೂಲ. ಅಂಚಿಗೆ ಪಟ್ಟಿ ಗ್ಯಾಸ್ಕೆಟ್ ಬೇಕು, ಇಲ್ಲದಿದ್ದರೆ ಎರಡು ಕೀಲಿಯ ನಡುವೆ ತಗಡು ಬಾಗಿ ಬಾಯಿ ಬಿಡುತ್ತದೆ.

ಡಿಕ್ಕಿ ಉಸಿರಾಡಬೇಕು

ಕ್ಯಾಬಿನ್ ಬದಿ ಮುಚ್ಚಿದಷ್ಟೂ ಡಿಕ್ಕಿಯ ಆವಿಗೆ ಹೋಗಲು ದಾರಿ ಕಡಿಮೆಯಾಗುತ್ತದೆ. ಮೊದಲು ಸೋರಿದ ಪೆಟ್ರೋಲಿನ ವಾಸನೆ ಮೂಗಿಗಾದರೂ ಬರುತ್ತಿತ್ತು, ಈಗ ಅದೂ ಇಲ್ಲ. ಹಾಗಾಗಿ ನೆಲದ ಅತಿ ತಗ್ಗಿನ ಜಾಗದಲ್ಲಿ ಹೊರಕ್ಕೆ ತೂತು ಇರಬೇಕು. ಚೆಲ್ಲಿದ ಇಂಧನ ಅಲ್ಲಿಂದ ಇಳಿಯುತ್ತದೆ, ಭಾರವಾದ ಆವಿಯೂ ಅದರ ಹಿಂದೆ ಇಳಿಯುತ್ತದೆ. ಎಕ್ಸಾಸ್ಟ್ ಕೊಳವೆಯ ಮೇಲೆ ಆ ತೂತು ಬಾರದಂತೆ ನೋಡಿಕೊಳ್ಳಿ, ಸೋರಿದ್ದು ಕಾದ ಕೊಳವೆಯ ಮೇಲೆ ತೊಟ್ಟಿಕ್ಕಬಾರದು. ಹಗುರಾದ ಹೈಡ್ರೋಜನ್‌ಗೆ ಮೇಲ್ಗಡೆಯೂ ದಾರಿ ಬೇಕು. ಫ್ಯೂಯೆಲ್ ಸೆಲ್ಲಿನ ಗಾಳಿಕೊಳವೆ ಡಿಕ್ಕಿಯೊಳಗೇ ಬಾಯಿ ತೆರೆದುಕೊಂಡಿದ್ದರೆ ಉಳಿದದ್ದೆಲ್ಲ ವ್ಯರ್ಥ. ಅದು ಕಾರಿನ ಹೊರಗೆ ತೆರೆದುಕೊಳ್ಳಬೇಕು, ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವು ಅದರಲ್ಲಿರಬೇಕು.

ಹ್ಯಾಚ್‌ಬ್ಯಾಕ್ ಕಾರಿನವರ ಪಾಡು ಬೇರೆ. ಅಲ್ಲಿ ಡಿಕ್ಕಿ ಎಂಬುದೇ ಇಲ್ಲ, ಕ್ಯಾಬಿನ್ನಿನ ಹಿಂಭಾಗವೇ ಡಿಕ್ಕಿ. ಮುಂದಿನ ಸೀಟಿನ ಹಿಂದಿನಿಂದ ಚಾವಣಿವರೆಗೆ ಗೋಡೆ ಎಬ್ಬಿಸಬಹುದು, ಆದರೆ ಹಿಂದೆ ನೋಡುವ ದಾರಿ ಹೋಗುತ್ತದೆ, ತಗಡೂ ಕೆಲಸವೂ ದುಪ್ಪಟ್ಟು. ಹೆಚ್ಚಿನವರು ಗೋಡೆಯ ಬದಲು ಪೆಟ್ಟಿಗೆಗೆ ಹೋಗುತ್ತಾರೆ: ಬ್ಯಾಟರಿಗೊಂದು ಮುಚ್ಚಿದ ಪೆಟ್ಟಿಗೆ, ಇಂಧನಕ್ಕೆ ನೆಲದ ಕೆಳಗಿನ ಮೂಲ ಟ್ಯಾಂಕ್. ಕಂಪನಿಯ ಟ್ಯಾಂಕನ್ನು ಹ್ಯಾಚ್‌ಬ್ಯಾಕಿನಲ್ಲಿ ಸುಮ್ಮನೆ ಕಿತ್ತು ಹಾಕಬಾರದು ಎನ್ನುವುದು ಇದಕ್ಕೇ. ಅದು ಆಗಲೇ ಕಾರಿನ ಹೊರಗಿದೆ. ಅದನ್ನು ತೆಗೆದು ಫ್ಯೂಯೆಲ್ ಸೆಲ್ಲನ್ನು ಒಳಗೆ ತಂದರೆ ಇಲ್ಲದ ಸಮಸ್ಯೆಯನ್ನು ದುಡ್ಡು ಕೊಟ್ಟು ತಂದಂತೆ.

ಬೆಳಕಿನಿಂದ ಪರೀಕ್ಷೆ

ಕೆಲಸ ಮುಗಿಯಿತು ಎಂದು ಅನ್ನಿಸಿದ ಮೇಲೆ ಕತ್ತಲಾಗುವವರೆಗೆ ಕಾಯಿರಿ. ಡಿಕ್ಕಿಯಲ್ಲಿ ಜೋರು ಎಲ್‌ಇಡಿ ದೀಪ ಇಟ್ಟು, ಮುಚ್ಚಳ ಹಾಕಿ, ಕ್ಯಾಬಿನ್ನಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳಿ. ಕಣ್ಣು ಕತ್ತಲಿಗೆ ಒಗ್ಗಲು ಐದು ನಿಮಿಷ ಬೇಕು. ಆಮೇಲೆ ಒಂದೊಂದೇ ಚುಕ್ಕಿ ಕಾಣತೊಡಗುತ್ತದೆ: ಶೆಲ್ಫಿನ ಮೂಲೆಯಲ್ಲಿ, ಸೀಟ್ ಬೆಲ್ಟಿನ ಬೋಲ್ಟ್ ತೂತಿನಲ್ಲಿ, ಕೇಜಿನ ಬಳೆಯ ಕೆಳಗೆ. ಪ್ರತಿಯೊಂದಕ್ಕೂ ಮಾರ್ಕರಿನಲ್ಲಿ ಗುರುತು ಹಾಕುತ್ತ ಹೋಗಬೇಕು. ಬೆಳಕು ನೇರ ದಾರಿಯಲ್ಲಿ ಮಾತ್ರ ಬರುತ್ತದೆ, ಗಾಳಿ ಸುತ್ತಿ ಬರುತ್ತದೆ. ಅದಕ್ಕಾಗಿ ಎರಡನೆಯ ಪರೀಕ್ಷೆ ಹೊಗೆಯದು. ಇಂಧನವೂ ಬ್ಯಾಟರಿಯೂ ಇಲ್ಲದ ಡಿಕ್ಕಿಗೆ ವೇದಿಕೆಗಳಲ್ಲಿ ಬಳಸುವ ಹೊಗೆಯಂತ್ರದ ಹೊಗೆ ತುಂಬಿ, ಕ್ಯಾಬಿನ್ನಿನಲ್ಲಿ ಟಾರ್ಚ್ ಹಿಡಿದು ನೋಡಿದರೆ ಪಕ್ಕದ ಟೊಳ್ಳುಗಳ ಗುಟ್ಟು ಬಯಲಾಗುತ್ತದೆ.

ಈ ಎರಡನ್ನೂ ಮಾಡದವರಿಗೆ ಟ್ರ್ಯಾಕೇ ಪರೀಕ್ಷೆ ಮಾಡಿಕೊಡುತ್ತದೆ. ಬರ್ನ್‌ಔಟ್ (ಓಟಕ್ಕೆ ಮುಂಚೆ ಹಿಂಚಕ್ರವನ್ನು ನಿಂತಲ್ಲೇ ತಿರುಗಿಸಿ ಟಯರ್ ಕಾಯಿಸುವುದು) ಮಾಡಿದಾಗ ಟಯರಿನ ಬಿಳಿಹೊಗೆ ಹಿಂದಿನ ಮೂಲೆಯಿಂದ ಒಳಗೆ ಬಂದು ಹೆಲ್ಮೆಟ್ಟಿನ ಮುಂದೆ ತೇಲಿದರೆ, ಟಬ್ಬಿನ ಬೆಸುಗೆಯಲ್ಲೋ ಗೋಡೆಯಲ್ಲೋ ತೂತು ಇದ್ದೇ ಇದೆ. ಕಿಟಕಿಗಳು ಮುಚ್ಚಿದ್ದಾಗಲೂ ಬಂದರಂತೂ ಸಂಶಯವೇ ಬೇಡ.

ಗೋಡೆಯ ಜೊತೆಗೆ ಬರುವ ಇನ್ನೊಂದು ಕಡ್ಡಾಯ ಮೇನ್ ಕಟ್‌ಆಫ್ ಸ್ವಿಚ್. ಬ್ಯಾಟರಿ ಹಿಂದಕ್ಕೆ ಹೋದ ಕಾರಿಗೆ ಹಿಂಬದಿಯ ಹೊರಮೈಯಲ್ಲಿ, ‘ಆಫ್’ ಎಂದು ಬರೆದ ಸ್ವಿಚ್ ಇರಬೇಕು. ಒತ್ತುವ ಎಳೆಯುವ ಬಗೆಯದಾದರೆ ಒತ್ತಿದಾಗ ಆಫ್ ಆಗಬೇಕು. ಅದು ಬ್ಯಾಟರಿಯನ್ನು ಮಾತ್ರ ಕಡಿದರೆ ಸಾಲದು, ಓಡುತ್ತಿರುವ ಎಂಜಿನ್ನೂ ನಿಲ್ಲಬೇಕು. ಆಲ್ಟರ್ನೇಟರಿನ ಗೆರೆ ಸ್ವಿಚ್ಚಿನ ಬ್ಯಾಟರಿ ಬದಿಗೆ ಸೇರದೆ ಎಂಜಿನ್ ಬದಿಗೆ ಸೇರಿದ್ದರೆ ಬ್ಯಾಟರಿ ಕಡಿದ ಮೇಲೂ ಎಂಜಿನ್ ಆಲ್ಟರ್ನೇಟರಿನ ಕರೆಂಟಿನಲ್ಲೇ ಓಡುತ್ತಿರುತ್ತದೆ, ಇಂಧನದ ಪಂಪೂ ಓಡುತ್ತಿರುತ್ತದೆ. ತಪಾಸಣೆಯಲ್ಲಿ ಎಂಜಿನ್ ಚಾಲೂ ಮಾಡಿಸಿ ಸ್ವಿಚ್ ಒತ್ತುವುದು ಇದನ್ನು ಹಿಡಿಯಲೆಂದೇ.

ಗೋಡೆ ಒಮ್ಮೆ ಕಟ್ಟಿದರೆ ಮುಗಿಯಿತು ಎಂದಿಲ್ಲ. ಪ್ರತಿ ಸಲ ಓಟಕ್ಕೆ ಹೊರಟಾಗ ಕಾರಿನ ಮೈ ತಿರುಚಿ ನೇರವಾಗುತ್ತದೆ, ರಿವೆಟ್ಟುಗಳ ಸುತ್ತ ಕಪ್ಪು ಪುಡಿಯ ಉಂಗುರ ಬಿದ್ದಿದ್ದರೆ ಅವು ಅಲುಗುತ್ತಿವೆ ಎಂದು ಲೆಕ್ಕ. ಅಂಥವನ್ನು ಕೊರೆದು ತೆಗೆದು ಒಂದು ಅಳತೆ ದಪ್ಪದ ರಿವೆಟ್ ಹಾಕಬೇಕು. ಗೇಜಿಗೋ ಸೆನ್ಸರಿಗೋ ಹೊಸ ವೈರು ಎಳೆದಾಗಲೆಲ್ಲ ಯಾರೋ ಅವಸರದಲ್ಲಿ ಗೋಡೆಗೆ ಇನ್ನೊಂದು ತೂತು ಕೊರೆದಿರುತ್ತಾರೆ. ಬ್ಯಾಟರಿಗೆ ಚಾರ್ಜರ್ ಹಚ್ಚಲು ಡಿಕ್ಕಿ ತೆರೆದಾಗ ಗೋಡೆಯ ಮೇಲೂ ಒಮ್ಮೆ ಟಾರ್ಚ್ ಹಾಯಿಸಿದರೆ ಅದು ಅಂದೇ ಸಿಕ್ಕಿಬೀಳುತ್ತದೆ.